ಚೌಡಮ್ಮ ಆರಿಸಿದ ಮೆಂಬರು

ಊರಿಗೆ ಓಟಿನ ಸಹವಾಸವೇ ಸಾಕಾಗಿತ್ತು. ಹಿಂದಿನ ಪಂಚಾಯ್ತಿ ಚುನಾವಣೆಯಲ್ಲಿ ಅಣ್ಣತಮ್ಮಂದಿರೇ ತಲೆ ಒಡೆದುಕೊಂಡು, ಹೊಳೆನರಸೀಪುರದ ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಮಂಚದಲ್ಲಿ ಮುಖ ತಿರುಗಿಸಿ ಮಲಗಿದ್ದರು. ಹಾಗಾಗಿ ಈ ಸಲ ಹಿರಿಯರೆಲ್ಲ ಕೂತು ತೀರ್ಮಾನಕ್ಕೆ ಬಂದರು: ಊರದೇವತೆ ಚೌಡಮ್ಮ ಯಾರಿಗೆ ಹೂ ಕೊಡುತ್ತಾಳೋ ಅವರೊಬ್ಬರೇ ನಾಮಪತ್ರ ಹಾಕಬೇಕು, ಉಳಿದವರು ತೆಪ್ಪಗಿರಬೇಕು.

ಹೂ ಕೇಳುವುದು ಪೂಜಾರಿ ಮಂಚಯ್ಯನ ಕೆಲಸ. ದೇವಿಯ ಎರಡೂ ಭುಜಕ್ಕೆ ಒಂದೊಂದು ಒದ್ದೆ ಕಣಗಿಲೆ ಅಂಟಿಸಿ, ಹೆಸರು ಹೇಳಿ ಕಾಯಬೇಕು. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ನೀರು ಕಡಿಮೆ ಸೋಕಿದ ಹೂ ಬೇಗ ಬೀಳುತ್ತದೆ ಎಂಬುದು ಅಪ್ಪನ ಕಾಲದಿಂದ ಪೂಜೆ ಮಾಡಿಕೊಂಡು ಬಂದವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಡೇರಿಯಲ್ಲಿ ಹಾಲು ಅಳೆಯುವ ಚಿಕ್ಕಲಕ್ಷ್ಮಮ್ಮನ ಹೆಸರು ಬಂದಾಗ ಬಲಗಡೆಯ ಹೂವನ್ನು ಮೆಲ್ಲಗೆ ಪಂಚೆಗೆ ಒರೆಸಿದ. ನಿಯತ್ತಿನ ಹೆಂಗಸು, ಊರಿಗೆ ಒಳ್ಳೆಯದಾಗಲಿ ಅಂತ. ಅವತ್ತು ಅವನಿಗೆ ಒಳಗೊಳಗೇ ಹೆಮ್ಮೆ.

ಎಡವಟ್ಟಾದದ್ದು ಆಮೇಲೆ. ದೇವಿಯೇ ತನ್ನನ್ನು ಕೂರಿಸಿದ್ದಾಳೆಂದು ನಂಬಿದ ಆ ಪುಣ್ಯಾತ್ಗಿತ್ತಿ, ಬೀದಿದೀಪ, ಚರಂಡಿ, ಏನೇ ಬಂದರೂ ಗುಡಿಗೆ ಬಂದು ನಿಲ್ಲತೊಡಗಿದಳು. "ಮಂಚಣ್ಣ, ಅಮ್ಮನ್ನ ಒಂದ್ ಮಾತು ಕೇಳ್ಕೊಡು." ಹೆಸರಿಗೆ ಮೆಂಬರು ಅವಳು, ಆಳುವವನು ಇವನು. ಹೊಸ ನಲ್ಲಿ ಲೈನು ಗುಡಿಬೀದಿಗೋ ಕೆಳಗಿನ ಬೀದಿಗೋ ಎಂದು ಕೇಳಿದ ದಿನ, ಬಿಂದಿಗೆ ಹೊತ್ತು ಸೊಂಟ ಹಿಡಿದುಕೊಂಡ ಸೊಸೆ ಅವನ ಕಣ್ಣ ಮುಂದೆ ಬಂದಳು. ಮಂಚಯ್ಯನ ಮನೆ ಗುಡಿಬೀದಿಯಲ್ಲೇ. ಆ ಬೀದಿಯ ಹೆಸರು ಹೇಳುವಾಗ ಕೈ ಮತ್ತೆ ಪಂಚೆಗೆ ಹೋಯಿತು.

ಬೇಸಿಗೆಯಲ್ಲಿ ಕೆಳಗಿನ ಬೀದಿಯ ಮುದುಕಿ ಬಸವಲಿಂಗಮ್ಮ ಅವನ ಮನೆಯ ನಲ್ಲಿಗೆ ಬಿಂದಿಗೆ ತಂದಳು. "ಚೌಡಮ್ಮ ನಮ್ ಬೀದಿನ ಒಲ್ಲೆ ಅಂದ್ಬುಟ್ಳು. ಏನ್ ತಪ್ ಮಾಡಿದ್ವೋ ಏನೋ ಕಣಪ್ಪ. ಎಲ್ರೂ ಸೇರ್ಕಂಡು ತಪ್ಪುಕಾಣ್ಕೆ ಕಟ್ಟಿದೀವಿ" ಎಂದಳು.

ನಾಚಿಕೆಗೆ ಮಂಚಯ್ಯನ ಮೈಯೆಲ್ಲ ಹಿಡಿಯಷ್ಟಾಯಿತು. ತಾನು ಮಾಡಿದ ತಪ್ಪಿಗೆ ಒಂದು ಬೀದಿಯೇ ಕಾಣಿಕೆ ಕಟ್ಟಿ ಕೂತಿದೆ. ಬಿಂದಿಗೆ ತುಂಬುವವರೆಗೂ ಅವಳ ಮುಖ ನೋಡಲಾಗಲಿಲ್ಲ.

ಅಲ್ಲಿಂದ ನೇರ ಡೇರಿಗೆ ಹೋಗಿ ಚಿಕ್ಕಲಕ್ಷ್ಮಮ್ಮನ ಮುಂದೆ ನಲ್ಲಿ ಲೈನಿನ ವಿಷಯ ಕಕ್ಕಿದ. ಅವಳು ಬಾಯಿಗೆ ಬಂದಂತೆ ಬೈದಳು. ಬೈಸಿಕೊಂಡಷ್ಟೂ ಅವನಿಗೆ ಹಗುರವಾಗುತ್ತಿತ್ತು. ಅವಳು ತಟ್ಟನೆ ಸುಮ್ಮನಾಗಿ ಕೇಳಿದಳು: "ಅಂಗಾರೆ ನನ್ ಹೂವೂ ನೀನೇ ಬೀಳ್ಸಿದ್ದಾ?"

ಮಂಚಯ್ಯ ತಲೆ ಎತ್ತಲಿಲ್ಲ. "ನೀನು ಒಳ್ಳೇವ್ಳು ಅಂತ ಕಣವ್ವ" ಎಂದು ಗೊಣಗಿದ.

"ಓಟ್ಗೆ ನಿಂತು ಸೋತಿದ್ರೂ, ನಾಕ್ ಜನ ನನ್ನೆಸ್ರಿಗೆ ಒತ್ತವ್ರೆ ಅನ್ನೋದಿರ್ತಿತ್ತು. ಈಗ ಅವ್ರೂ ಇಲ್ಲ, ಚೌಡಮ್ಮನೂ ಇಲ್ಲ. ನಾನ್ ಯಾರ್ಗೆ ಮೆಂಬರು ಮಂಚಣ್ಣ?"

ಅಷ್ಟರಲ್ಲಿ ಹಾಲು ಹಾಕಲು ಬಂದವನೊಬ್ಬ ಬಾಗಿಲಲ್ಲಿ ನಿಂತು, "ನಮಸ್ಕಾರ ಮೆಂಬರಮ್ಮ" ಎಂದು ಕೈ ಮುಗಿದ. ಅವಳು ಸೆರಗನ್ನು ಮುಖಕ್ಕೆ ಎಳೆದುಕೊಂಡಳು.