ಬಿಸಿಲಿಗೆ ಒಣಹಾಕಿದ ಅಡುಗೆಕಟ್ಟೆ

ತಪ್ಪು ನನ್ನದೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೊನೆಯಲ್ಲಿ ಒಪ್ಪಿಕೊಂಡರೆ, ಅಷ್ಟು ಹೊತ್ತು ಯಾರ ತಲೆಗೆ ಕಟ್ಟಬಹುದು ಎಂದು ನೋಡುತ್ತಿದ್ದ ಅನ್ನುತ್ತೀರಿ. ನನ್ನ ಜೊತೆ ಕೂತು ಉಣ್ಣುತ್ತಿದ್ದ ಒಬ್ಬೇ ಒಬ್ಬ ಮನುಷ್ಯನನ್ನು ನಾಲ್ಕು ಜನರ ನಗುವಿಗಾಗಿ ದೂರ ಮಾಡಿಕೊಂಡೆ. ಆಮೇಲೆ, ಆ ಮನುಷ್ಯ ಅರ್ಧಕ್ಕೆ ಬಿಟ್ಟುಹೋದ ಅಡುಗೆಕಟ್ಟೆಯನ್ನು ನಾನೇ ಮುಗಿಸುತ್ತೇನೆಂದು ಹೊರಟು, ಕಾಂಕ್ರೀಟನ್ನು ಕಾಫಿಯ ಹಾಗೆ ಬಿಸಿಲಿಗೆ ಒಣಹಾಕಿದೆ. ಎರಡನೆಯದಕ್ಕೆ ಇಡೀ ಎಸ್ಟೇಟೇ ನಕ್ಕಿತು. ಮೊದಲನೆಯದಾದ ಮೇಲೆ ಜೊತೆಗೆ ಕೂತು ನಗಲು ಯಾರೂ ಉಳಿಯಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಬಾಳೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್ ಆಗಿದ್ದೆ. ರೈಟರ್ ಅಂದರೆ ಕಥೆ ಬರೆಯುವವನಲ್ಲ. ಇವತ್ತು ಎಷ್ಟು ಆಳು ಬಂದರು, ಎಷ್ಟು ಇಂಚು ಮಳೆ ಬಿತ್ತು ಎಂದು ಬರೆಯುವವನು. ಕೆಲಸದವರ ಲೈನುಮನೆಗಳು ಕೆಳಗೆ ಹಳ್ಳದ ಹತ್ತಿರ. ರೈಟರ ಮನೆ ಮೇಲೆ, ಕಾಫಿ ಒಣಗಿಸುವ ಕಣದ ಪಕ್ಕ, ಒಂದೇ ಒಂದು. ಸಾಹುಕಾರರು ಚಿಕ್ಕಮಗಳೂರಿನಲ್ಲಿ, ವಾರಕ್ಕೊಮ್ಮೆ ಜೀಪಿನಲ್ಲಿ ಬಂದು, ಗಿಡಗಳನ್ನೂ ನನ್ನನ್ನೂ ಒಂದೇ ಥರ ನೋಡಿ ಹೋಗುತ್ತಿದ್ದರು. ಸಂಜೆ ಐದು ಗಂಟೆಗೆ ಆಳುಗಳು ಇಳಿದುಹೋದರೆ ಮುಗಿಯಿತು. ಮರುದಿನ ಬೆಳಿಗ್ಗೆಯವರೆಗೆ ನನಗೆ ನಾನೇ ದಿಕ್ಕು.

ಆದರೆ ನನಗೆ ದನಿಗಳಿದ್ದವು. ಯಾರ ಮಾತನ್ನಾದರೂ ಒಂದು ಸಲ ಕೇಳಿದರೆ ಸಾಕು, ನಾಲಿಗೆ ಹಿಡಿದುಕೊಂಡುಬಿಡುತ್ತಿತ್ತು. ಅಡುಗೆ ಮಾಡುತ್ತ, ಕಾಫಿಗಿಡಕ್ಕೆ ಮರದ ನೆರಳು ಹೆಚ್ಚಾಯಿತೆಂದು ಸದಾ ಗೊಣಗುವ ಸಾಹುಕಾರರ ದನಿಯಲ್ಲಿ, ‘ಏನ್ರೀ ರೈಟ್ರೇ, ಸಾರಿಗೆ ಶೇಡ್ ಜಾಸ್ತಿ ಆಯ್ತಲ್ರೀ’ ಅನ್ನುತ್ತಿದ್ದೆ. ಬಸ್ಸಿನ ಕಂಡಕ್ಟರನ ದನಿಯಲ್ಲಿ ಅನ್ನಕ್ಕೆ, ‘ಒಳಗಡೆ ಹೋಗಿ, ಒಳಗಡೆ ಜಾಗ ಇದೆ’ ಅನ್ನುತ್ತಿದ್ದೆ. ಮನೆ ತುಂಬ ಜನ. ಬಾಯಿಗೆ ತುತ್ತು ಹೋದ ಕೂಡಲೇ ಮನೆ ಖಾಲಿ.

ಹಾಗಾಗಿ ಗಾರೆಯಣ್ಣ ಬರುವುದನ್ನು ನಾನು ವರ್ಷವಿಡೀ ಕಾಯುತ್ತಿದ್ದೆ. ಅವರು ಕಳಸದ ಕಡೆಯವರು, ಗಾರೆ ಕೆಲಸದವರು. ಕೊಯ್ಲಿಗೆ ಮುಂಚೆ ಕಣದ ಬಿರುಕುಗಳನ್ನು ಮುಚ್ಚಲು ಪ್ರತಿವರ್ಷ ಬಂದು ಮೂರು ವಾರ ಗೋದಾಮಿನಲ್ಲಿ ಉಳಿಯುತ್ತಿದ್ದರು. ರಾತ್ರಿಯೂಟ ನನ್ನ ಮನೆಯಲ್ಲಿ. ಐವತ್ತು ದಾಟಿದ ಮನುಷ್ಯ, ಮಾತು ಬಹಳ ಕಡಿಮೆ. ಆಡುವ ಪ್ರತಿ ಮಾತಿಗೂ ಮುಂಚೆ, ಹಸಿಮೆಣಸು ಕಚ್ಚಿದವರ ಹಾಗೆ ಹಲ್ಲುಗಳ ಮಧ್ಯದಿಂದ ‘ಸ್ಸ್’ ಎಂದು ಉಸಿರನ್ನು ಒಳಗೆಳೆದುಕೊಳ್ಳುತ್ತಿದ್ದರು. ‘ಸ್ಸ್... ಉಪ್ಪು ಒಂಚೂರು ಮುಂದಾಯ್ತು.’ ‘ಸ್ಸ್... ರೊಟ್ಟಿ ಚೆನ್ನಾಗಿದೆ.’ ಅಷ್ಟೇ. ಎದುರಿಗೆ ಇನ್ನೊಂದು ತಟ್ಟೆ ಇದ್ದಾಗ ನಾನು ಯಾರ ದನಿಯನ್ನೂ ತೆಗೆಯುತ್ತಿರಲಿಲ್ಲ. ಬೇಕಾಗುತ್ತಿರಲಿಲ್ಲ.

ಆ ವರ್ಷ ನನಗೆ ಗ್ಯಾಸ್ ಬಂತು. ಸಿಲಿಂಡರ್ ತಂದವನು ನೆಲದ ಮೇಲಿದ್ದ ನನ್ನ ಹಳೆಯ ಒಲೆಯನ್ನು ನೋಡಿ, ‘ಸ್ಟವ್ ಯಾವತ್ತೂ ಸಿಲಿಂಡರ್‌ಗಿಂತ ಮೇಲಿರ್ಬೇಕು. ಒಂದು ಕಟ್ಟೆ ಮಾಡಿಸ್ಕೊಳ್ಳಿ’ ಎಂದು ಹೇಳಿ ಹೋದ. ಸಾಹುಕಾರರ ಮನೆಯ ಅಡುಗೆಕಟ್ಟೆ ಮುಖ ಕಾಣುವಂಥ ಕಪ್ಪು ಗ್ರಾನೈಟಿನದು. ನಾನು ಕೇಳಿದಾಗ ಅವರು, ‘ರೈಟ್ರ ಮನೆಗೆ ಸಿಮೆಂಟಿಂದೇ ಸಾಕು, ಗಾರೆಯವ್ರಿಗೆ ಹೇಳಿ’ ಅಂದರು. ಗಾರೆಯಣ್ಣ ಸಂಜೆಸಂಜೆ ಕೂತು ಇಟ್ಟಿಗೆಯ ಎರಡು ಕಾಲುಗೋಡೆಗಳನ್ನು ಎಬ್ಬಿಸಿದರು. ಅದರ ಮೇಲೆ ಐದಡಿ ಉದ್ದ, ಎರಡಡಿ ಅಗಲದ ಕಾಂಕ್ರೀಟ್ ಚಪ್ಪಡಿ ಕೂರಿಸುವುದು ಬಾಕಿ. ‘ಸ್ಸ್... ನಾಡಿದ್ದು ಎರೆದುಬಿಡಾಣ’ ಅಂದಿದ್ದರು.

ಆ ನಾಡಿದ್ದು ಬರುವ ಮುಂಚೆಯೇ ಸಾಹುಕಾರರ ಜೀಪು ಬಂತು. ಟೀ ಹೊತ್ತು. ಆಳುಗಳೆಲ್ಲ ಕಣದಲ್ಲೇ ಇದ್ದರು. ಸಾಹುಕಾರರು ಒಳ್ಳೆಯ ಲಹರಿಯಲ್ಲಿದ್ದರು. ‘ಏನ್ರೀ, ನೀವು ಎಲ್ಲರ ಥರನೂ ಮಾತಾಡ್ತೀರಂತೆ! ನಮ್ ಮೇಸ್ತ್ರಿ ಥರ ಮಾಡಿ ನೋಡಣ’ ಅಂದರು. ಮೇಸ್ತ್ರಿ ಅಂದರೆ ಆಳುಗಳಿಗೆ ಕೆಲಸ ಹಂಚುವವರು. ಸಿಟ್ಟು ಬಂದರೆ ಅವರ ದನಿ ಕೀಲು ಸವೆದ ಗೇಟಿನಂತಾಗುತ್ತಿತ್ತು. ಮಾಡಿದೆ. ಎಲ್ಲರೂ ನಕ್ಕರು, ಮೇಸ್ತ್ರಿಯೂ ನಕ್ಕರು. ಅಲ್ಲಿಗೆ ನಿಲ್ಲಿಸಬಹುದಿತ್ತು ಮಾರಾಯ್ರೇ! ಒಂದು ನಗು ಸಿಕ್ಕರೆ ಇನ್ನೊಂದು ಬೇಕೆನ್ನುವ ನಾಲಿಗೆ. ಸೊಂಟಕ್ಕೆ ಕೈಯಿಟ್ಟು, ಗಾರೆ ಮೆತ್ತುವ ಕರಣೆ ಹಿಡಿದವನ ಹಾಗೆ ಬಗ್ಗಿ, ‘ಸ್ಸ್... ಕಣ ಬಿರುಕು ಬಿಟ್ಟದೆ. ಸ್ಸ್... ಸಾಹುಕಾರ್ರೂ ಒಂಚೂರು ಬಿಟ್ಟಿದಾರೆ’ ಅಂದೆ.

ಸಾಹುಕಾರರು ಕೆಮ್ಮು ಬರುವವರೆಗೆ ನಕ್ಕರು. ತಿರುಗಿ ನೋಡಿದರೆ ನೀರಿನ ಬಕೆಟ್ ಹಿಡಿದು ಗಾರೆಯಣ್ಣ ನನ್ನ ಹಿಂದೆಯೇ ನಿಂತಿದ್ದರು. ಅವರೂ ಸ್ವಲ್ಪ ನಕ್ಕರು. ನಾನು ಮೋಸಹೋದದ್ದು ಅಲ್ಲೇ, ಬೇಜಾರಾಗಿಲ್ಲ ಅಂದುಕೊಂಡೆ.

ಮರುದಿನದಿಂದ ಇಡೀ ಎಸ್ಟೇಟು ‘ಸ್ಸ್’ ಅನ್ನತೊಡಗಿತು. ಮರಳು ಹೊರುವವರು ಮರಳು ಸುರಿಯುವಾಗ ‘ಸ್ಸ್’. ಹೆಂಗಸರು ಬುಟ್ಟಿ ಇಳಿಸುವಾಗ ‘ಸ್ಸ್’. ಗಾರೆಯಣ್ಣ ಸುಣ್ಣ ಕೇಳಿದರೆ ಸುಣ್ಣಕ್ಕೆ ಮುಂಚೆ ‘ಸ್ಸ್’ ಬರುತ್ತಿತ್ತು. ಅವರು ಕೇಳುವುದನ್ನೇ ಬಿಟ್ಟರು. ಬೇಕಾದ್ದನ್ನು ಎದ್ದುಹೋಗಿ ತಾವೇ ತಂದುಕೊಂಡರು. ಎರಡು ರಾತ್ರಿ ಊಟಕ್ಕೆ ಬರಲಿಲ್ಲ. ಮೂರನೆಯ ಬೆಳಿಗ್ಗೆ ಕರಣೆ, ತೂಗುಗುಂಡು, ಮಟ್ಟ ಹಿಡಿಯುವ ಪೈಪು ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಬಾಗಿಲಿಗೆ ಬಂದು, ‘ಸ್ಸ್... ಕಣದ ಕೆಲ್ಸ ಮುಗೀತು’ ಅಂದರು. ‘ಅಡುಗೆಕಟ್ಟೆ?’ ಎಂದೆ. ಆಗಲೇ ಮೆಟ್ಟಿಲು ಇಳಿದಾಗಿತ್ತು.

ಕೊಯ್ಲು ಮುಗಿಯುವವರೆಗೂ ಆ ಎರಡು ಕಾಲುಗೋಡೆಗಳು ಅಡುಗೆಮನೆಯಲ್ಲಿ ಬಾಯಿ ತೆರೆದುಕೊಂಡು ನಿಂತಿದ್ದವು. ನಾನು ಅವುಗಳ ಮಧ್ಯೆ ನೆಲದ ಮೇಲೇ ಸ್ಟವ್ ಇಟ್ಟುಕೊಂಡು ಕುಕ್ಕರುಗಾಲಿನಲ್ಲಿ ಅಡುಗೆ ಮಾಡುತ್ತಿದ್ದೆ. ಅಭ್ಯಾಸಬಲದಿಂದ ಎರಡು ತಟ್ಟೆ ತೊಳೆದುಬಿಡುತ್ತಿದ್ದೆ.

ಜನವರಿ ಕೊನೆಗೆ ಹಟ ಬಂತು. ಗಾರೆಯಣ್ಣ ಮಾಡುವುದನ್ನು ನೋಡಿದ್ದೇನೆ. ಒಂದು ಪಾಲು ಸಿಮೆಂಟು, ಎರಡು ಮರಳು, ನಾಲ್ಕು ಜಲ್ಲಿ. ಅದರಲ್ಲೇನು ಬ್ರಹ್ಮವಿದ್ಯೆ! ಕಣದ ಮೂಲೆಯಲ್ಲಿ ತಗಡು ಹಾಸಿ, ಸಿಲ್ವರ್ ಓಕ್ ಹಲಗೆಗಳಿಂದ ಚೌಕಟ್ಟು ಹೊಡೆದೆ. ಕಾಂಕ್ರೀಟ್ ಅಂಟದಿರಲೆಂದು ಜೀಪಿನ ಹಳೆಯ ಆಯಿಲ್ ಸವರಿದೆ. ಗ್ರಾನೈಟಿನ ಬಡ ತಂಗಿಯ ಹಾಗಾದರೂ ಕಾಣಲೆಂದು ಕರಿ ಆಕ್ಸೈಡ್ ಪುಡಿ ಬೆರೆಸಿದೆ. ಕಬ್ಬಿಣದ ಸರಳುಗಳನ್ನು ಜಾಲರಿಯಂತೆ ಕಟ್ಟಿ ಮಧ್ಯದಲ್ಲಿಟ್ಟು ಎರೆದೆ. ಅಲ್ಲಿಯವರೆಗೆ ಎಲ್ಲವೂ ಗಾರೆಯಣ್ಣ ಮಾಡುವ ಹಾಗೆಯೇ.

ಮರುದಿನ ನೋಡಿದರೆ ಗಟ್ಟಿಯಾಗಿತ್ತು, ಆದರೆ ಒದ್ದೆ ಒದ್ದೆ. ಒದ್ದೆಯಾದ್ದನ್ನು ಏನು ಮಾಡಬೇಕೆಂದು ಕಾಫಿ ಸೀಮೆಯವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಲಗೆ ಬಿಚ್ಚಿದೆ. ಬಿಸಿಲು ಬೀಳುವ ಕಡೆ ಕೊಂಬೆಯೊಂದು ಅಡ್ಡವಿತ್ತು, ಕಡಿಸಿದೆ. ಸಂಜೆ ಇಬ್ಬನಿ ತಾಗದಂತೆ ಟಾರ್ಪಾಲು ಹೊದಿಸಿದೆ, ಬೆಳಿಗ್ಗೆ ತೆಗೆದೆ. ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿಯನ್ನು ಹೇಗೆ ನೋಡಿಕೊಳ್ಳುತ್ತೇವೋ ಹಾಗೆ. ಹೊರಳಿಸಲು ಆಗುತ್ತಿರಲಿಲ್ಲ, ಇಲ್ಲವಾದರೆ ಗಂಟೆಗೊಮ್ಮೆ ಹೊರಳಿಸುತ್ತಲೂ ಇದ್ದೆ. ನಾಲ್ಕನೆಯ ದಿನಕ್ಕೆ ಕಪ್ಪು ಹೋಗಿ ಬೂದಿಯ ಬಣ್ಣ ಬಂತು. ‘ಚೆನ್ನಾಗಿ ಒಣಗಿದೆ’ ಎಂದು ಬೆರಳಿನಿಂದ ಬಡಿದು ಖುಷಿಪಟ್ಟೆ. ಮೇಲೆ ಕೂದಲೆಳೆಯಂಥ ಗೆರೆಗಳು ಕಂಡಿದ್ದವು. ಗ್ರಾನೈಟಿಗೂ ಗೆರೆ ಇರುತ್ತದಲ್ಲ ಅಂದುಕೊಂಡೆ.

ಮೇಸ್ತ್ರಿ ಆರು ಜನರನ್ನು ಕರೆತಂದರು. ‘ಐಸಾ’ ಎಂದು ಎತ್ತಿದರು. ಬಾಗಿಲವರೆಗೂ ಬರಲಿಲ್ಲ, ನಡುವಿಗೇ ಲಟಕ್ ಎಂದು ಮುರಿದು, ಎರಡೂ ತುಂಡುಗಳು ಒಳಗಿನ ಸರಳುಗಳಿಂದ ಜೋತಾಡಿದವು. ಒಂದು ಮೂಲೆ ಹಪ್ಪಳದಂತೆ ಉದುರಿತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನಗುವಿನ ಭರಕ್ಕೆ ನಾಲಿಗೆ ಮತ್ತೆ ಹೋಯಿತು: ‘ಸ್ಸ್... ಅಡುಗೆಕಟ್ಟೆ ತೀರಿಕೊಂಡಿತು.’

ಈ ಸಲ ಮೇಸ್ತ್ರಿ ನಗಲಿಲ್ಲ. ಆಳುಗಳು ಕೈ ತೊಳೆಯಲು ಹೋದಾಗ ಹತ್ತಿರ ಬಂದು ಹೇಳಿದರು: ‘ಅದೊಂದು ಬಿಟ್ಬಿಡಿ ರೈಟ್ರೇ. ನಮ್ದೂ ಅವ್ರದ್ದೂ ಒಂದೇ ಊರು. ಚಿಕ್ಕೋರಿದ್ದಾಗ ಅವ್ರಿಗೆ ಮಾತೇ ಹೊರಡ್ತಿರ್ಲಿಲ್ಲ. ಮೊದಲ್ನೇ ಅಕ್ಷರಕ್ಕೇ ಸಿಕ್ಕಾಕ್ಕೊಳ್ಳೋದು. ನಾವೆಲ್ಲ ಅಣಕಿಸಿ ಅಣಕಿಸಿ ಇಸ್ಕೂಲು ಬಿಟ್ರು. ಮೊದ್ಲು ಉಸಿರು ಎಳ್ಕೊ, ಆಮೇಲೆ ಮಾತು ಬಿಡು ಅಂತ ಅವ್ರಜ್ಜಿ ಕಲಿಸಿದ್ದು. ಅದ್ರಿಂದ್ಲೇ ಈಗ ನಾಲ್ಕು ಮಾತಾಡ್ತಾರೆ.’

ನನ್ನ ಕಿವಿ ಬಹಳ ಸೂಕ್ಷ್ಮ ಎಂದು ಎಲ್ಲರೂ ಹೊಗಳುತ್ತಿದ್ದರು. ಮೂರು ವರ್ಷ ಎದುರಿಗೆ ಕೂತು ಉಂಡವರ ಉಸಿರು ಯಾತಕ್ಕೆ ಎಂದು ಆ ಕಿವಿಗೆ ಕೇಳಿಸಿರಲಿಲ್ಲ.

ಮುಂದಿನ ಭಾನುವಾರ ಉದುರಿದ ಮೂಲೆಯ ತುಂಡನ್ನು ಗೋಣಿಚೀಲಕ್ಕೆ ಹಾಕಿಕೊಂಡು ಕಳಸದ ಬಸ್ಸು ಹತ್ತಿದೆ. ಕ್ಷಮೆ ಕೇಳಲು ಬರಿಗೈಯಲ್ಲಿ ಹೋಗಲು ಧೈರ್ಯವಿರಲಿಲ್ಲ. ಕೆಲಸದ ಮಾತು ಎತ್ತಿದರೆ ನಿಂತು ಕೇಳಿಯಾರು ಎಂಬ ಲೆಕ್ಕಾಚಾರ. ಕಂಡಕ್ಟರ್ ಚೀಲಕ್ಕೆ ಕಾಲು ತಾಗಿಸಿ, ‘ಏನ್ ರೈಟ್ರೇ, ಕಲ್ಲು ಹೊತ್ಕೊಂಡು ಹೊಂಟಿದೀರಿ? ದೇವ್ರು ಕೂರ್ಸಕ್ಕಾ?’ ಅಂದ. ‘ಇಲ್ಲ, ದೆವ್ವ ಬಿಡಿಸಕ್ಕೆ’ ಅಂದೆ.

ಗಾರೆಯಣ್ಣ ರಸ್ತೆ ಬದಿಯಲ್ಲಿ ಒಂದು ಹೊಸ ಮನೆಯ ಗೋಡೆಗೆ ಗಾರೆ ಮಾಡುತ್ತಿದ್ದರು. ಬಸ್ಸಿನಲ್ಲಿ ಕೂತು ಹೇಳಬೇಕಾದ್ದನ್ನೆಲ್ಲ ಜೋಡಿಸಿಕೊಂಡಿದ್ದೆ. ಎದುರು ಹೋಗಿ ನಿಂತೆ. ಊರಿನವರ ದನಿಯೆಲ್ಲ ಇತ್ತು, ಕ್ಷಮೆ ಕೇಳಲು ನನ್ನದೊಂದು ದನಿ ಬೇಕಿತ್ತು, ಅದು ಸಿಕ್ಕಲಿಲ್ಲ. ತುಂಡನ್ನು ತೆಗೆದು ಅವರ ಮುಂದಿಟ್ಟೆ. ಅವರು ಅದನ್ನು ಮಗುಚಿ ನೋಡಿದರು. ಬಕೆಟ್ಟಿನಿಂದ ಒಂದು ಮಗ್ ನೀರು ತೆಗೆದು ಅದರ ಮೇಲೆ ಹೊಯ್ದರು. ಸುರ್ರೆಂದು ಹೀರಿಕೊಂಡಿತು. ಇನ್ನೊಂದು ಮಗ್. ಅದೂ ಮಾಯ.

‘ಸ್ಸ್... ಬಿಸಿಲಿಗೆ ಇಟ್ರಾ?’

‘ನಾಲ್ಕು ದಿನ. ಚೆನ್ನಾಗಿ ಒಣಗ್ಲಿ ಅಂತ.’

‘ಸ್ಸ್... ಕಾಫಿ ಅಲ್ಲ ಇದು. ನೀರಲ್ಲೇ ಗಟ್ಟಿಯಾಗ್ಬೇಕು. ಹತ್ತು ಹನ್ನೆರಡು ದಿನ ಒದ್ದೆ ಗೋಣಿ ಹೊದಿಸಿ, ಒಣಗಕ್ಕೆ ಬಿಡ್ಬೇಡಿ.’

‘ಗಾರೆಯಣ್ಣ, ಅವತ್ತು ನಾನು...’

‘ಸ್ಸ್... ಬಸ್ಸು ಬರೋ ಹೊತ್ತಾಯ್ತು’ ಎಂದು ಗೋಡೆಯ ಕಡೆ ತಿರುಗಿದರು.

ಎರಡನೆಯ ಚಪ್ಪಡಿಯನ್ನು ಮಾರ್ಚಿನಲ್ಲಿ ಎರೆದೆ. ಮುಂಜಾನೆ, ಮಧ್ಯಾಹ್ನ, ಸಂಜೆ ಗೋಣಿಗೆ ನೀರು. ಕಾಫಿ ಗಿಡಕ್ಕೆ ಬೇಕಾದ ಹೂಮಳೆಯನ್ನು ಎಸ್ಟೇಟಿನವರೆಲ್ಲ ಹೂವಿಗಾಗಿ ಕಾಯುತ್ತಿದ್ದರೆ ನಾನು ಚಪ್ಪಡಿಗಾಗಿ ಕಾದೆ. ತೋಟದಲ್ಲೆಲ್ಲೋ ಇದ್ದರೂ ಹೊತ್ತಿಗೆ ಸರಿಯಾಗಿ ಓಡಿಬರುತ್ತಿದ್ದೆ. ಮನೆಯಲ್ಲಿ ನನಗಾಗಿ ಕಾಯುವಂಥದ್ದು ಒಂದು ಇದೆ ಎನ್ನುವುದೇ ಹೊಸದು. ಅದು ಕಾಂಕ್ರೀಟ್ ಆಗಿದ್ದದ್ದು ನನ್ನ ಹಣೆಬರಹ. ಹನ್ನೆರಡೂ ದಿನ ಅದರ ಜೊತೆ ಸಾಹುಕಾರರಾಗಿ, ಮೇಸ್ತ್ರಿಯಾಗಿ, ಕಂಡಕ್ಟರಾಗಿ ಮಾತಾಡಿದೆ. ಗಾರೆಯಣ್ಣನಾಗಿ ಆಡಲಿಲ್ಲ. ಹದಿಮೂರನೆಯ ದಿನ ಆರು ಜನ ಎತ್ತಿದರು. ಮುರಿಯಲಿಲ್ಲ. ಕಾಲುಗೋಡೆಗಳ ಮೇಲೆ ಕೂತಿತು. ಸಿಡುಬಿನ ಕಲೆಗಳಂತೆ ಅಲ್ಲಲ್ಲಿ ತೂತು, ಬಣ್ಣ ಮೋಡ ಕವಿದ ಹಾಗೆ, ಆದರೆ ಕಟ್ಟೆ ಕಟ್ಟೆಯೇ. ಮೊದಲ ಸಲ ನಿಂತುಕೊಂಡು ಅನ್ನ ಮಾಡಿದೆ. ತೋರಿಸಲು ಯಾರೂ ಇರಲಿಲ್ಲ.

ಅಕ್ಟೋಬರಿನಲ್ಲಿ ಗಾರೆಯಣ್ಣ ಕಣದ ಕೆಲಸಕ್ಕೆ ಬಂದರು. ಈ ಸಲ ಗೋದಾಮಿನಲ್ಲಿ ಉಳಿಯಲಿಲ್ಲ. ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಕೊನೆಯ ದಿನ ಮಧ್ಯಾಹ್ನ ನಾನೇ ಹೋಗಿ, ‘ಕಟ್ಟೆ ಒಂದ್ಸಲ ನೋಡಿ ಹೋಗಿ’ ಎಂದು ಕರೆದೆ. ಆ ಹೊತ್ತಿಗೆ ಅನ್ನ ಮಾಡಿ, ಅಕ್ಕಿರೊಟ್ಟಿ ತಟ್ಟಿ, ಕಟ್ಟೆಯ ಮೇಲೆ ಎರಡು ತಟ್ಟೆಗಳನ್ನು ಇಟ್ಟಾಗಿತ್ತು.

ಬಂದರು. ಅಂಗೈಯಿಂದ ಚಪ್ಪಡಿಯನ್ನು ಉದ್ದಕ್ಕೂ ಸವರಿದರು. ಬೆರಳು ಬಗ್ಗಿಸಿ ಅಲ್ಲಲ್ಲಿ ಬಡಿದು ಸದ್ದು ಕೇಳಿದರು. ಲೋಟದಿಂದ ನಾಲ್ಕು ಹನಿ ನೀರು ಬಿಟ್ಟರು. ನೀರು ಮುಂದಕ್ಕೆ ಬರುವ ಬದಲು ಮೆಲ್ಲಗೆ ಗೋಡೆಯ ಕಡೆಗೆ ಹರಿದುಹೋಯಿತು.

‘ಸ್ಸ್... ಮಾತು ನನ್ನಂಗೇ ಆಡ್ತೀರಿ. ಕೆಲ್ಸ ಯಾಕೆ ನಿಮ್ಮಂಗೇ ಮಾಡಿದ್ರಿ?’

ನಾನು ಎಷ್ಟು ಜೋರಾಗಿ ನಕ್ಕೆನೆಂದರೆ ಕಣದಲ್ಲಿದ್ದ ಮೇಸ್ತ್ರಿ ಇತ್ತ ತಿರುಗಿ ನೋಡಿದರು. ಗಾರೆಯಣ್ಣನ ಮುಖದಲ್ಲೂ ಸಣ್ಣ ನಗು ಇತ್ತು. ಸರಿಹೋಯಿತು ಅಂದುಕೊಂಡೆ. ಆ ಧೈರ್ಯದಲ್ಲಿ, ನನ್ನದೇ ದನಿಯಲ್ಲಿ, ಒಂದು ವರ್ಷದಿಂದ ಗಂಟಲಲ್ಲಿದ್ದುದನ್ನು ಹೇಳಿದೆ: ‘ಅವತ್ತು ಮಾಡಿದ್ದು ತಪ್ಪು ಗಾರೆಯಣ್ಣ. ಇವತ್ತು ಊಟ ಮಾಡ್ಕೊಂಡು ಹೋಗಿ. ಒಬ್ನೇ ಉಂಡೂ ಉಂಡೂ ಸಾಕಾಗಿದೆ.’

ಅವರು ಎರಡು ತಟ್ಟೆಗಳನ್ನೂ ನೋಡಿದರು. ಹೆಗಲಿನ ಟವಲಿನಿಂದ ಆ ನಾಲ್ಕು ಹನಿಗಳನ್ನು ಒರೆಸಿದರು. ಆಮೇಲೆ, ನಾನು ಕಂಡಂತೆ ಮೊದಲ ಸಲ, ಉಸಿರು ಎಳೆದುಕೊಳ್ಳದೆ, ಎಲ್ಲೂ ತಡವರಿಸದೆ ಹೇಳಿದರು:

‘ಒಬ್ರೇ ಯಾಕೆ ರೈಟ್ರೇ? ನನ್ ದನಿ ನಿಮ್ಮತ್ರನೇ ಇದೆಯಲ್ಲ, ಅದ್ನೇ ಎದುರಿಗೆ ಕೂರಿಸ್ಕೊಂಡು ಉಣ್ಣಿ.’