ಭಾವನ ಪಾಲಿನ ಉಸಿರು

ರಾಜಾಜಿನಗರದಲ್ಲಿ ಸತ್ತವರನ್ನು ಬದುಕಿಸಿದವನು ನಾನೊಬ್ಬನೇ. ಸುಳ್ಳು ಬಿಡಿ, ಚೀಲ ಹಿಸುಕಿದೆ ಅಷ್ಟೆ. ಎಂಬತ್ತರ ದಶಕದಲ್ಲಿ ಇಲ್ಲಿನ ಆಸ್ಪತ್ರೆಯಲ್ಲಿದ್ದದ್ದು ಒಂದೇ ಉಸಿರಾಟದ ಯಂತ್ರ. ಕೆರೆಯಲ್ಲಿ ಮುಳುಗಿ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿದ್ದ ಇನ್ನೊಬ್ಬರಿಗೆ ಅದು ಹೋಯಿತು. ಮಿಲ್ಲಿನ ಹತ್ತಿಧೂಳು ಕುಡಿದ ಎದೆಗೆ ನ್ಯುಮೋನಿಯಾ ಹಿಡಿದಿದ್ದ ನಮ್ಮ ಭಾವನಿಗೆ, ಬಾಯಿಗೆ ಹಾಕಿದ ಕೊಳವೆಯ ರಬ್ಬರ್ ಚೀಲವನ್ನು ಮನೆಯವರೇ ಸರದಿಯಲ್ಲಿ ಒತ್ತಬೇಕಿತ್ತು.

"ನೀವು ಉಸಿರೆಳೆದಾಗ ಒತ್ತಿ. ನೀವು ನಿಲ್ಲಿಸಿದ್ರೆ ಅವರ ಉಸಿರೂ ನಿಲ್ಲುತ್ತೆ," ಅಂದರು ಸಿಸ್ಟರ್.

ಭಯಕ್ಕೆ ನನ್ನ ಉಸಿರು ಓಡತೊಡಗಿತು, ಜೊತೆಗೆ ಭಾವನದೂ. ಸುಳ್ಳು ಹೇಳುವಾಗ ಮಾತ್ರ ನನ್ನ ಉಸಿರು ನಿಧಾನ. ಹಾಗಾಗಿ, ಕತ್ತೆ ಏರಿ ಕೆಂಗೇರಿ ಬಸ್ಸನ್ನು ಹಿಂದೆ ಹಾಕಿದ ಕಥೆ ಹೇಳುತ್ತಾ ಒತ್ತಿದೆ.

ಕೊಳವೆ ತೆಗೆದ ದಿನ ಭಾವ ಗೊಗ್ಗರು ದನಿಯಲ್ಲಿ ಮೊದಲು ಹೇಳಿದ್ದು: "ಹೋದ್ಸಲ ಆ ಕತ್ತೆ ಎಮ್ಮೆ ಆಗಿತ್ತಲ್ಲೋ."

ಈಗ ಭಾವ ಇಲ್ಲ. ನನ್ನ ಸುಳ್ಳು ತಿದ್ದುವವರೂ ಇಲ್ಲ. ನೀವು ಸುಮ್ಮನೆ ಕೇಳ್ತೀರಿ. ಕಥೆ ಕೇಳಿದ್ದಕ್ಕೆ ಟೀ ದುಡ್ಡಾದರೂ ಕೊಡಿ.