ನೀರಿಗೆ ಕೈ ಹಾಕಿದ ದಿನ

ಎಂ.ಎಸ್ಸಿ. ಮುಗಿದ ಮೇಲೆ ಒಂದು ವರ್ಷ ನಾನು ಜೇವರ್ಗಿ ತಾಲೂಕಿನ ಹಳ್ಳಿಯೊಂದರ ಅಂಗನವಾಡಿಗೆ ಹೋಗುತ್ತಿದ್ದೆ. ಚಿಕ್ಕ ಮಕ್ಕಳಿಗೆ ಆಟವಾಡಿಸುತ್ತಲೇ ವಿಜ್ಞಾನದ ರುಚಿ ಹತ್ತಿಸುವುದು ನನ್ನ ಕೆಲಸ. ನಳಕ್ಕೆ ನೀರು ಬಂದ ದಿನ ಅಂಗಳದಲ್ಲಿ ದೊಡ್ಡ ಪ್ಲಾಸ್ಟಿಕ್ ಟಬ್ಬೊಂದನ್ನು ತುಂಬಿಸುತ್ತಿದ್ದೆವು. ಟಬ್ಬು ಅಲ್ಲಿನ ಸಹಾಯಕಿಯ ಮನೆಯದು. ಮಕ್ಕಳು ಅವರನ್ನು ಕಾಕು ಎನ್ನುತ್ತಿದ್ದರು. ಆಟ ಮುಗಿದ ನೀರು ಅವರ ಎಮ್ಮೆಗೆ ಎಂಬುದು ನಮ್ಮ ಒಪ್ಪಂದ.

"ಅಕ್ಕೋರ, ಸಾಬೂನ ಮಾತ್ರ ಹಾಕಬ್ಯಾಡ್ರಿ. ಎಮ್ಮಿ ಬಾಯಾಗ ನೊರಿ ಬಂದೀತು," ಎಂದು ನಗುತ್ತಿದ್ದರು.

ಹುಣಸೆ ಬೀಜ, ಬೆಂಡು, ಬಾಟಲಿಯ ಮುಚ್ಚಳ, ಕಡಕ್ ರೊಟ್ಟಿಯ ಚೂರು ಒಂದೊಂದಾಗಿ ನೀರಿಗೆ ಬೀಳುತ್ತಿದ್ದವು. ರೊಟ್ಟಿ ಮೊದಲು ತೇಲಿ, ನೆನೆದು, ಆಮೇಲೆ ಮುಳುಗುವುದನ್ನು ಮಕ್ಕಳು ಬಾಯಿ ತೆರೆದು ನೋಡುತ್ತಿದ್ದರು. "ಹೊಟ್ಟಿತುಂಬ ನೀರ ಕುಡೀತು, ಮಲಗ್ತು," ಎಂದು ಒಬ್ಬ ತೀರ್ಪು ಕೊಟ್ಟಿದ್ದ.

ಒಂದು ಹುಡುಗಿ ಮಾತ್ರ ಟಬ್ಬಿನಿಂದ ಮಾರು ದೂರ ನಿಲ್ಲುತ್ತಿದ್ದಳು. ನಾಲ್ಕು ವರ್ಷದವಳಿರಬೇಕು. ಕರೆದರೆ ಬೊಗಸೆ ಒಡ್ಡುತ್ತಿದ್ದಳು. ಬಾಯಾರಿದೆ ಎಂದುಕೊಂಡು ಒಮ್ಮೆ ಲೋಟದಿಂದ ಹಾಕಿದೆ. ಕುಡಿಯಲಿಲ್ಲ. ನೀರು ಬೆರಳ ಸಂದಿಯಿಂದ ಸೋರುವುದನ್ನು ನೋಡುತ್ತ ನಿಂತಳು.

"ಟಬ್ಬಿನ ಹತ್ರ ಬಂದು ಆಡು, ಬಾ."

"ನಮ್ಮ ಆಯಿ ಬೈತಾಳ್ರಿ. ಮಂದಿ ನೀರಿಗಿ ಕೈ ಹಚ್ಚಬಾರದಂತ. ಅವರು ಹಾಕಿದ್ರ ತಗೋಬೇಕಂತ."

ಆಯಿ ಎಂದರೆ ಅವಳ ಅಜ್ಜಿ. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿತ್ತು. ತಂದೆ ತಾಯಿ ಯಾರೆದುರೂ ತಲೆ ತಗ್ಗಿಸುವವರಲ್ಲ. ಆದರೂ ಅಜ್ಜಿ ಬಾವಿಕಟ್ಟೆಯ ಕೆಳಗೆ ನಿಂತು ಮೇಲಿನಿಂದ ಹಾಕಿಸಿಕೊಂಡ ನೀರಿನ ಅಂಜಿಕೆ ಮೊಮ್ಮಗಳ ಕೈವರೆಗೆ ಬಂದಿತ್ತು. ಆ ಕೈಯನ್ನು ಹಿಡಿದೆಳೆದು ನೀರಿಗೆ ಹಾಕಿಸುವುದು ನನಗೆ ಸರಿ ಕಾಣಲಿಲ್ಲ. ಅವಳೇ ಹಾಕಬೇಕು. ಆ ವರ್ಷ ನನಗೆ ಬೇಕಿದ್ದದ್ದು ಅದೊಂದೇ.

ಒಂದು ದಿನ ಸ್ಟೀಲ್ ಲೋಟವನ್ನು ಬೋರಲು ಮಾಡಿ ನೀರಿನೊಳಗೆ ಒತ್ತಲು ಮಕ್ಕಳಿಗೆ ಹೇಳಿದೆ. ಲೋಟ ಅವರ ಕೈಯನ್ನೇ ಮೇಲಕ್ಕೆ ನೂಕುತ್ತಿತ್ತು.

"ಒಳಗ ಮೀನ ಅದ!"

"ಮೀನಲ್ಲಲೇ, ಕಪ್ಪಿ. ಒದಿಯಾಕತ್ತದ!"

ದೂರದಿಂದ ಅವಳ ದನಿ ಬಂತು: "ಗಾಳಿ ಅದ."

"ಅಲ್ಲಿ ನಿಂತು ಹೇಳಾಕಿ! ಗೊತ್ತಿದ್ರ ಬಂದು ತೋರ್ಸಬೇ," ಎಂದ ಲೋಟ ಹಿಡಿದಿದ್ದ ಹುಡುಗ.

ಅವಳು ನನ್ನ ಕಡೆ ನೋಡಲಿಲ್ಲ. ಟಬ್ಬು ಯಾರ ಮನೆಯದೆಂದು ಅವಳಿಗೆ ಗೊತ್ತಿತ್ತು. ಕಾಕುವನ್ನು ನೋಡಿದಳು. ಅಕ್ಕಿ ಆರಿಸುತ್ತಿದ್ದ ಕಾಕುವಿನ ಕೈ ಮೊರದಲ್ಲೇ ನಿಂತಿತು. ಮಡಿ ಮೈಲಿಗೆ ನೋಡುವ ತಮ್ಮ ಅತ್ತೆಯನ್ನು ನೆನೆದರೋ, ಓಣಿಯವರು ಆಡಬಹುದಾದ ಮಾತನ್ನೋ, ನನಗೆ ತಿಳಿಯದು.

"ನನ್ನ ಮಾರಿ ಏನ್ ನೋಡ್ತೀಬೇ? ಹಾಕು ಕೈ. ನೀರೇನ್ ಕಚ್ಚತಾವೇನು?"

ಅವಳು ಬಂದು ಹುಡುಗನ ಕೈಯಿಂದ ಲೋಟ ಕಸಿದು ಬೋರಲು ಒತ್ತಿದಳು. ಮೊಣಕೈವರೆಗೆ ಕೈ ಒಳಗೆ ಹೋಯಿತು. ಲೋಟವನ್ನು ಓರೆ ಮಾಡಿದಳು. ಗುಳುಗುಳು ಎಂದು ದೊಡ್ಡ ಗುಳ್ಳೆ ಎದ್ದು ಮುಖಕ್ಕೆ ಹನಿ ಸಿಡಿಯಿತು. ಒರೆಸಿಕೊಳ್ಳಲಿಲ್ಲ. ಮತ್ತೆ ಬೋರಲು ಹಾಕಿದಳು, ಮತ್ತೆ ಓರೆ ಮಾಡಿದಳು. ಹುಡುಗ ತನ್ನ ಸರದಿ ಕೇಳಿದರೆ ಲೋಟ ಬಿಡದೆ, "ಗಾಳಿ ಇತ್ತೋ ಇಲ್ಲೋ, ಮದ್ಲ ಹೇಳು!" ಎಂದು ಜಗಳಕ್ಕೆ ನಿಂತಳು. ಅಂದೂ ಕಾಕು ಆ ನೀರನ್ನು ಎಂದಿನಂತೆ ಎಮ್ಮೆಗೆ ಒಯ್ದರು.

ಆ ಬೇಸಿಗೆಯಲ್ಲಿ ಅವಳ ಮನೆಯವರು ಕಟ್ಟಡದ ಕೆಲಸಕ್ಕೆಂದು ಪುಣೆಗೆ ಹೋದರು. ನನ್ನ ವರ್ಷವೂ ಮುಗಿಯಿತು. ಈಗ ಅಫಜಲಪುರದ ಕಾಲೇಜೊಂದರಲ್ಲಿ ಗಾಳಿಯ ಒತ್ತಡದ ಪಾಠ ಮಾಡುತ್ತೇನೆ. ವಿದ್ಯಾರ್ಥಿಗಳು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ಯಾರೂ ಜಗಳವಾಡುವುದಿಲ್ಲ.

ಆಗಾಗ ಕಾಕುವಿಗೆ ಫೋನ್ ಮಾಡುತ್ತೇನೆ. ತೊಗರಿ ಹೇಗಿದೆ, ಮೊಣಕಾಲು ನೋವು ಹೇಗಿದೆ ಎಂದು ಕೇಳುತ್ತೇನೆ. ಕೇಳಬೇಕಾದ್ದನ್ನು ಕೇಳುವುದಿಲ್ಲ. ಕೊನೆಗೆ ಅವರೇ, "ಅವ್ರು ಇನ್ನಾ ಬಂದಿಲ್ರಿ ಅಕ್ಕೋರ," ಎನ್ನುತ್ತಾರೆ.

ಪುಣೆಯಲ್ಲಿ, ಕಟ್ಟುತ್ತಿರುವ ಯಾವುದೋ ಮನೆಯ ಬುಡದಲ್ಲಿ ಕೂಲಿಯವರ ನೀರಿನ ಬಕೆಟ್ಟುಗಳಿರುತ್ತವೆ. ಮಂದಿಯ ನೀರು ಎಂದು ಅವಳು ಮತ್ತೆ ದೂರ ನಿಲ್ಲುತ್ತಾಳೋ, ಅಂಗಿಯ ತೋಳು ಮೇಲೇರಿಸಿ ಕೈ ಹಾಕುತ್ತಾಳೋ, ಒಮ್ಮೆ ಕಣ್ಣಾರೆ ನೋಡಬೇಕು ಅನ್ನಿಸುತ್ತದೆ.